ಚಿನ್ನದ ಹಲ್ಲಿನ ನಗು: ಒಂದು ದೇಶದ ನಿದ್ದೆಗೆಡಿಸಿದ ಬಾಕ್ಸರ್ ಜಾಕ್ ಜಾನ್ಸನ್ ಕಥೆ

ಬಾಕ್ಸಿಂಗ್ ಕಣದಲ್ಲಿ ಮೊದಲು ಅಪಾಯಕ್ಕೆ ಸಿಲುಕುವುದು ಮುಂದಿನ ಹಲ್ಲುಗಳು. ಈಗಿನಂತೆ ಬಾಯೊಳಗೆ ರಬ್ಬರ್ ಗಾರ್ಡ್ ಕಚ್ಚಿಕೊಂಡು ಆಡುವ ರೂಢಿ ನೂರಿಪ್ಪತ್ತು ವರ್ಷಗಳ ಹಿಂದೆ ಇನ್ನೂ ಬಂದಿರಲಿಲ್ಲ. ಅಂಥ ಕಾಲದಲ್ಲಿ ಅಮೆರಿಕದ ಬಾಕ್ಸರ್ ಒಬ್ಬರು ತಮ್ಮ ಮುಂದಿನ ಹಲ್ಲುಗಳಿಗೆ ಚಿನ್ನದ ಹೊದಿಕೆ ಹಾಕಿಸಿಕೊಂಡಿದ್ದರು. ಎದುರಾಳಿಯ ಗುದ್ದು ನೇರವಾಗಿ ಬಂದು ಬೀಳುವ ಜಾಗದಲ್ಲೇ ಚಿನ್ನ! ಸಾಲದ್ದಕ್ಕೆ ಗುದ್ದಾಟದ ನಡುವೆಯೂ ಬಾಯಿ ತೆರೆದು ನಗುತ್ತಿದ್ದರು.

ಅವರೇ ಜಾಕ್ ಜಾನ್ಸನ್. ಹೆವಿವೇಟ್ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೇರಿದ ಮೊದಲ ಕಪ್ಪು ವರ್ಣೀಯ. ಅವರ ಮುಷ್ಟಿಯ ಬಗ್ಗೆ ಪತ್ರಿಕೆಗಳು ಎಷ್ಟು ಬರೆದವೋ, ಆ ಚಿನ್ನದ ನಗುವಿನ ಬಗ್ಗೆಯೂ ಅಷ್ಟೇ ಬರೆದವು. ಅದನ್ನು ಅಳಿಸಿಹಾಕಲೇಬೇಕೆಂದು ಬಹಿರಂಗವಾಗಿ ಕರೆ ಕೊಟ್ಟ ಸಾಹಿತಿಯೂ ಇದ್ದರು.

ಗುಲಾಮರ ಮಗ, ಬಂದರಿನ ಕೂಲಿ

ಜಾನ್ಸನ್ ಹುಟ್ಟಿದ್ದು 1878ರ ಮಾರ್ಚ್ 31ರಂದು, ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ಬಂದರು ಊರಿನಲ್ಲಿ. ತಂದೆ ಹೆನ್ರಿ ಗುಲಾಮಗಿರಿಯಲ್ಲಿ ಹುಟ್ಟಿದವರು, ಬಿಡುಗಡೆಯಾದ ಮೇಲೆ ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದರು. ಮನೆ ತುಂಬ ಮಕ್ಕಳು. ಐದಾರು ವರ್ಷ ಶಾಲೆಗೆ ಹೋದ ಹುಡುಗ ಆಮೇಲೆ ಬಂದರಿನಲ್ಲಿ ಮೂಟೆ ಹೊರಲು ಹೋದ.

ಆ ಕಾಲದಲ್ಲಿ ಬಿಳಿಯರ ಮನರಂಜನೆಗೆಂದು ಒಂದು ಕೆಟ್ಟ ಆಟವಿತ್ತು. ಏಳೆಂಟು ಕಪ್ಪು ಹುಡುಗರನ್ನು, ಕೆಲವೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ಕಣಕ್ಕೆ ಬಿಡುವುದು. ಹೊಡೆದಾಡಿ ಕೊನೆಗೆ ನಿಂತವನಿಗೆ ಪ್ರೇಕ್ಷಕರು ಚಿಲ್ಲರೆ ಕಾಸು ಎಸೆಯುವುದು. ಜಾನ್ಸನ್ ಮೊದಲು ಕಾಸು ಕಂಡದ್ದು ಇಂಥ ಹೊಡೆದಾಟಗಳಲ್ಲಿ.

1900ರ ಸೆಪ್ಟೆಂಬರ್‌ನಲ್ಲಿ ಗ್ಯಾಲ್ವೆಸ್ಟನ್‌ಗೆ ಭೀಕರ ಚಂಡಮಾರುತ ಬಡಿಯಿತು. ಸಾವಿರಾರು ಜನ ಸತ್ತರು, ಜಾನ್ಸನ್ ಕುಟುಂಬದ ಮನೆಯೂ ಹೋಯಿತು. ಮರುವರ್ಷದ ಫೆಬ್ರುವರಿಯಲ್ಲಿ ಅದೇ ಊರಿನಲ್ಲಿ ಜೋ ಚೊಯಿನ್‌ಸ್ಕಿ ಎಂಬ ಅನುಭವಿ ಬಾಕ್ಸರ್ ಎದುರು ಜಾನ್ಸನ್ ಕಣಕ್ಕಿಳಿದರು. ಮೂರನೇ ಸುತ್ತಿನಲ್ಲೇ ನೆಲಕ್ಕುರುಳಿದರು. ಟೆಕ್ಸಾಸ್‌ನಲ್ಲಿ ಹಣಕ್ಕಾಗಿ ಬಾಕ್ಸಿಂಗ್ ಆಡುವುದು ಆಗ ಅಪರಾಧ, ಹಾಗಾಗಿ ಪೊಲೀಸರು ಗೆದ್ದವರನ್ನೂ ಸೋತವರನ್ನೂ ಒಟ್ಟಿಗೇ ಜೈಲಿಗೆ ಹಾಕಿದರು. ಮೂರು ವಾರಕ್ಕೂ ಹೆಚ್ಚು ಕಾಲ ಒಂದೇ ಜೈಲಿನಲ್ಲಿದ್ದ ಇಬ್ಬರೂ ಅಲ್ಲೇ ಅಭ್ಯಾಸ ನಡೆಸಿದರು. ಏಟು ಕೊಡುವುದಕ್ಕಿಂತ ಏಟು ತಪ್ಪಿಸಿಕೊಳ್ಳುವುದು ದೊಡ್ಡ ವಿದ್ಯೆ ಎಂಬುದನ್ನು ಜಾನ್ಸನ್ ಕಲಿತದ್ದು ತಮ್ಮನ್ನು ಸೋಲಿಸಿದವರಿಂದಲೇ. ಮುಂದೆ ಅವರ ಹೆಸರು ನಿಂತದ್ದು ಆ ವಿದ್ಯೆಯ ಮೇಲೆ. ಚಿನ್ನದ ಹಲ್ಲು ಬಾಯಲ್ಲಿ ಉಳಿದದ್ದೂ ಅದರಿಂದಲೇ ಎನ್ನಬಹುದು.

ಚಿನ್ನವೇ ಯಾಕೆ?

ನಮ್ಮಲ್ಲೂ ಹಿಂದಿನ ತಲೆಮಾರಿನ ಕೆಲವರು ಚಿನ್ನದ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದರು. ಊರಿಗೊಬ್ಬರೋ ಇಬ್ಬರೋ ಅಂಥ ಹಿರಿಯರನ್ನು ನೋಡಿದ ನೆನಪು ಹಲವರಿಗೆ ಇರಬಹುದು. ಸಿನಿಮಾದ ಖಳನಾಯಕನಿಗಂತೂ ಅದು ಖಾಯಂ ಆಭರಣವಾಗಿತ್ತು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಚಿನ್ನ ದಂತವೈದ್ಯರ ನೆಚ್ಚಿನ ಲೋಹ. ತುಕ್ಕು ಹಿಡಿಯುವುದಿಲ್ಲ, ಮೆದು, ತಟ್ಟಿದರೆ ಹಲ್ಲಿನ ಆಕಾರಕ್ಕೆ ಬಾಗುತ್ತದೆ. ಹಲ್ಲನ್ನು ಸ್ವಲ್ಪ ಅರೆದು, ತೆಳುವಾದ ಚಿನ್ನದ ತಗಡಿನಿಂದ ಟೊಪ್ಪಿಗೆಯಂತೆ ಮಾಡಿ, ಸಿಮೆಂಟ್ ತುಂಬಿ ಕೂರಿಸುತ್ತಿದ್ದರು. ಮೇಣದ ಅಚ್ಚಿನಿಂದ ಚಿನ್ನವನ್ನು ಎರಕ ಹೊಯ್ಯುವ ವಿಧಾನವನ್ನು ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯರು ಪ್ರಚಾರಕ್ಕೆ ತಂದದ್ದು 1907ರಲ್ಲಿ. ಅಲ್ಲಿಯವರೆಗೆ ಬಹುಮಟ್ಟಿಗೆ ಇದು ಅಕ್ಕಸಾಲಿಯ ಕೆಲಸವೇ.

ಬಿಳಿ ಹಲ್ಲು ಬೇಕೆಂದವರಿಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. ಪಿಂಗಾಣಿಯ ಕೃತಕ ಹಲ್ಲುಗಳು ಎಷ್ಟೋ ಮೊದಲೇ ಬಂದಿದ್ದವು. ಡೆಟ್ರಾಯ್ಟ್‌ನ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರು ಹಲ್ಲಿನ ಮೇಲೆ ಕೂರಿಸುವ ಪಿಂಗಾಣಿ ಹೊದಿಕೆಯನ್ನೂ ರೂಪಿಸಿದ್ದರು. (ಅಂದಹಾಗೆ, ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಇವರ ಮೊಮ್ಮಗ.) ಅಂದರೆ ಹಲ್ಲಿಗೆ ಕೈ ಹಾಕಿದ್ದು ಗೊತ್ತಾಗದಂತೆ ಮಾಡುವ ಕಲೆ ಇತ್ತು. ಗೊತ್ತಾಗಲಿ ಎಂದೇ ಮಾಡಿಸಿಕೊಳ್ಳುವವರು ಚಿನ್ನಕ್ಕೆ ಹೋಗುತ್ತಿದ್ದರು. ದಕ್ಷಿಣದ ಕಪ್ಪು ಸಮುದಾಯದಲ್ಲಿ ಚಿನ್ನದ ಹಲ್ಲು ಎಂದರೆ ನಾಲ್ಕು ಕಾಸು ಸಂಪಾದಿಸಿದ್ದೇನೆ ಎಂದು ಬಾಯಿ ತೆರೆಯದೆ, ಅಲ್ಲಲ್ಲ, ಬಾಯಿ ತೆರೆದೇ ಹೇಳುವ ರೀತಿ. ಬ್ಯಾಂಕು ಒಳಗೆ ಬಿಟ್ಟುಕೊಳ್ಳದವರಿಗೆ ಮೈಮೇಲಿನ ಚಿನ್ನವೇ ಉಳಿತಾಯ ಎಂಬುದು ಭಾರತೀಯರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಜಾನ್ಸನ್ ವಿಷಯದಲ್ಲಿ ಇನ್ನೊಂದು ಅರ್ಥವೂ ಸೇರಿಕೊಂಡಿತು. ಕಪ್ಪು ಜನರ ಬಾಯಿ ಮತ್ತು ಹಲ್ಲು ಅಂದಿನ ಅಮೆರಿಕದಲ್ಲಿ ಲೇವಡಿಯ ವಸ್ತು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿ ನಟರು ದಪ್ಪ ತುಟಿ ಬರೆದುಕೊಂಡು, ಹಲ್ಲು ಕಿಸಿದು ಕುಣಿಯುವ ನಾಟಕಗಳು ಊರೂರಲ್ಲಿ ಓಡುತ್ತಿದ್ದವು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲೂ ಅದೇ. ಕಪ್ಪು ಮನುಷ್ಯ ಒಡೆಯನ ಮುಂದೆ ಹಲ್ಲುಗಿಂಜಬೇಕು, ಅಷ್ಟೇ. ಕನ್ನಡದ ಈ ಒಂದು ಪದ ಆ ಇಡೀ ನಿರೀಕ್ಷೆಯನ್ನು ಹೇಳಿಬಿಡುತ್ತದೆ. ಜಾನ್ಸನ್ ಕೂಡ ಹಲ್ಲು ತೋರಿಸಿದರು. ಆದರೆ ಅದು ಗಿಂಜಿದ್ದಲ್ಲ, ಮೆರೆದದ್ದು. ಹತ್ತಾರು ಸಾವಿರ ಬಿಳಿಯರ ನಡುವೆ, ಅವರ ನೆಚ್ಚಿನ ಬಾಕ್ಸರನ್ನು ಹೊಡೆಯುತ್ತಾ, ಪ್ರೇಕ್ಷಕರ ಜೊತೆ ಹರಟುತ್ತಾ ಚಿನ್ನ ಮಿನುಗಿಸಿದರು. ನೋಡಿದವರಿಗೆ ಸಹಿಸಲಾಗದೆ ಹೋದದ್ದು ಇದು.

ಸಿಡ್ನಿಯಿಂದ ರೀನೋಗೆ

ಕಪ್ಪು ಬಾಕ್ಸರ್‌ಗಳಿಗೆಂದೇ ಇದ್ದ ಹೆವಿವೇಟ್ ಪಟ್ಟವನ್ನು ಜಾನ್ಸನ್ 1903ರಲ್ಲೇ ಗೆದ್ದಿದ್ದರು. ಆದರೆ ನಿಜವಾದ ವಿಶ್ವ ಪಟ್ಟ ಬಿಳಿಯರಿಗೆ ಮೀಸಲು. ಚಾಂಪಿಯನ್ ಜಿಮ್ ಜೆಫ್ರೀಸ್ ಕಪ್ಪು ವರ್ಣೀಯರ ಜೊತೆ ಪಟ್ಟಕ್ಕಾಗಿ ಆಡುವುದಿಲ್ಲವೆಂದು ಹೇಳಿ, 1905ರಲ್ಲಿ ಸೋಲರಿಯದೆ ನಿವೃತ್ತರಾದರು. ಆಮೇಲೆ ಪಟ್ಟ ಕೆನಡಾದ ಟಾಮಿ ಬರ್ನ್ಸ್ ಕೈಸೇರಿತು. ಜಾನ್ಸನ್ ಬರ್ನ್ಸ್ ಬೆನ್ನು ಹತ್ತಿ ಇಂಗ್ಲೆಂಡಿಗೆ ಹೋದರು, ಅಲ್ಲಿಂದ ಆಸ್ಟ್ರೇಲಿಯಾಕ್ಕೂ ಹೋದರು. ಕೊನೆಗೆ 30 ಸಾವಿರ ಡಾಲರ್ ಸಿಗುವುದು ಖಾತ್ರಿಯಾದ ಮೇಲೆ ಬರ್ನ್ಸ್ ಒಪ್ಪಿದರು. ಜಾನ್ಸನ್ ಪಾಲಿಗೆ ಬಂದದ್ದು 5 ಸಾವಿರ.

1908ರ ಡಿಸೆಂಬರ್ 26, ಸಿಡ್ನಿಯ ರಷ್‌ಕಟರ್ಸ್ ಬೇ. ಜಾನ್ಸನ್‌ಗೆ ಬರ್ನ್ಸ್ ಯಾವ ರೀತಿಯಲ್ಲೂ ಸಾಟಿಯಾಗಲಿಲ್ಲ. ಬೇಗ ಮುಗಿಸಬಹುದಾಗಿದ್ದ ಪಂದ್ಯವನ್ನು ಜಾನ್ಸನ್ ಎಳೆದರು. ಹೊಡೆದರು, ನಕ್ಕರು, ಛೇಡಿಸಿದರು, ಮತ್ತೆ ಹೊಡೆದರು. 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು. ಬಿಳಿ ಚಾಂಪಿಯನ್ ಸೋಲುವ ಕೊನೆಯ ಕ್ಷಣ ದಾಖಲಾಗದಂತೆ ಸಿನಿಮಾ ಕ್ಯಾಮೆರಾವನ್ನೂ ನಿಲ್ಲಿಸಲಾಯಿತು.

ಆ ಪಂದ್ಯವನ್ನು ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಗಾಗಿ ವರದಿ ಮಾಡಿದವರು ಖ್ಯಾತ ಕಾದಂಬರಿಕಾರ ಜಾಕ್ ಲಂಡನ್. ಜಾನ್ಸನ್ ಆಟವನ್ನು ಅವರು ಮೆಚ್ಚಿಕೊಂಡರು, ಅದು ಏಕಪಕ್ಷೀಯ ಪಂದ್ಯವೆಂದೂ ಒಪ್ಪಿದರು. ಆದರೆ ಕೊನೆಯಲ್ಲಿ, ಜೆಫ್ರೀಸ್ ತಮ್ಮ ತೋಟ ಬಿಟ್ಟು ಹೊರಬಂದು ಜಾನ್ಸನ್ ಮುಖದ ಮೇಲಿನ ಆ ಚಿನ್ನದ ನಗುವನ್ನು ಅಳಿಸಬೇಕೆಂದು ಕರೆ ಕೊಟ್ಟರು. ಬಡವರ, ಕಾರ್ಮಿಕರ ಪರ ಬರೆಯುತ್ತಿದ್ದ ಸಮಾಜವಾದಿ ಲೇಖಕರ ಮಾತಿದು ಎಂಬುದನ್ನು ಮರೆಯುವಂತಿಲ್ಲ. ಬಣ್ಣದ ಪ್ರಶ್ನೆ ಬಂದಾಗ ಅವರೂ ಎಲ್ಲರಂತೆಯೇ ಆದರು.

ನಡುವೆ 1909ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಲ್ಮಾದಲ್ಲಿ ಇನ್ನೊಂದು ಪಂದ್ಯ ನಡೆಯಿತು. ಎದುರಾಳಿ ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್, ಜಾನ್ಸನ್‌ಗಿಂತ ಬಹಳ ಹಗುರ. 12ನೇ ಸುತ್ತಿನಲ್ಲಿ ಕೆಚೆಲ್ ಬೀಸಿದ ಹೊಡೆತಕ್ಕೆ ಜಾನ್ಸನ್ ನೆಲಕ್ಕೆ ಬಿದ್ದರು. ಪ್ರೇಕ್ಷಕರು ಕುಣಿದಾಡುವಷ್ಟರಲ್ಲಿ ಎದ್ದವರೇ ಒಂದೇ ಏಟಿಗೆ ಕೆಚೆಲ್ ಅವರನ್ನು ಎಚ್ಚರ ತಪ್ಪಿಸಿ ಮಲಗಿಸಿದರು. ಹಗ್ಗಕ್ಕೆ ಒರಗಿ ನಿಂತು, ಗ್ಲೌಸ್‌ಗೆ ಚುಚ್ಚಿಕೊಂಡಿದ್ದ ಕೆಚೆಲ್ ಹಲ್ಲುಗಳನ್ನು ಜಾನ್ಸನ್ ಕೊಡವಿ ಬೀಳಿಸಿದ ಪ್ರಸಂಗವನ್ನು ಬಾಕ್ಸಿಂಗ್ ಇತಿಹಾಸ ಬರೆದವರು ಮರೆಯದೆ ಹೇಳುತ್ತಾರೆ.

ಕೊನೆಗೂ ಜೆಫ್ರೀಸ್ ಹೊರಬಂದರು. ಐದು ವರ್ಷ ಕೃಷಿ ಮಾಡಿಕೊಂಡು ವಿಪರೀತ ದಪ್ಪಗಾಗಿದ್ದ ಅವರು ಸುಮಾರು 45 ಕಿಲೋ ತೂಕ ಇಳಿಸಿಕೊಂಡರು. ಬಹುಮಾನದ ಮೊತ್ತ 1 ಲಕ್ಷದ 1 ಸಾವಿರ ಡಾಲರ್, ಆ ಕಾಲಕ್ಕೆ ಕೇಳರಿಯದ ಹಣ. ದಿನ ಅಮೆರಿಕದ ಸ್ವಾತಂತ್ರ್ಯ ದಿನ, 1910ರ ಜುಲೈ 4. ಜಾಗ ನೆವಾಡಾ ಮರುಭೂಮಿಯ ರೀನೋ ಪಟ್ಟಣ. ಪಂದ್ಯಕ್ಕೆಂದೇ ಮರದ ಹಲಗೆ ಹೊಡೆದು ಕ್ರೀಡಾಂಗಣ ಕಟ್ಟಿದ್ದರು. ಬಂದೂಕು ಒಳಗೆ ತರದಂತೆ ಬಾಗಿಲಲ್ಲಿ ತಪಾಸಣೆ ನಡೆದಿತ್ತು.

ಸುಡುಬಿಸಿಲಿನಲ್ಲಿ 15 ಸುತ್ತು ನಡೆಯಿತು. ಜೆಫ್ರೀಸ್ ಪರ ಕೂತಿದ್ದ ಮಾಜಿ ಚಾಂಪಿಯನ್ ಜಿಮ್ ಕಾರ್ಬೆಟ್ ಕಣದ ಪಕ್ಕದಿಂದ ಜಾತಿ ಹಿಡಿದು ಬೈದಂತೆ ಬಣ್ಣ ಹಿಡಿದು ಬೈಯುತ್ತಲೇ ಇದ್ದರು. ಜಾನ್ಸನ್ ಅವರತ್ತ ತಿರುಗಿ ನಕ್ಕು ಮಾತಾಡುತ್ತಾ, ಅದೇ ಉಸಿರಿನಲ್ಲಿ ಜೆಫ್ರೀಸ್‌ಗೆ ಗುದ್ದುತ್ತಿದ್ದರು. ಜೀವನದಲ್ಲಿ ಒಮ್ಮೆಯೂ ನೆಲ ಕಾಣದಿದ್ದ ಜೆಫ್ರೀಸ್ ಆ ಕೊನೆಯ ಸುತ್ತಿನಲ್ಲಿ ಮೂರು ಬಾರಿ ಬಿದ್ದರು. ಚಿನ್ನದ ನಗು ಹಾಗೇ ಉಳಿಯಿತು.

ಆದರೆ ಆ ನಗುವಿಗೆ ಬೆಲೆ ತೆತ್ತವರು ಬೇರೆಯವರು. ಫಲಿತಾಂಶ ತಂತಿಯಲ್ಲಿ ಬರುತ್ತಿದ್ದಂತೆ ಅಮೆರಿಕದ ಅನೇಕ ಊರುಗಳಲ್ಲಿ ಸಂಭ್ರಮಿಸುತ್ತಿದ್ದ ಕಪ್ಪು ಜನರ ಮೇಲೆ ಬಿಳಿಯರ ಗುಂಪುಗಳು ಬಿದ್ದವು. ಸುಮಾರು ಇಪ್ಪತ್ತು ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಪಂದ್ಯದ ಸಿನಿಮಾವನ್ನು ಊರೂರು ನಿಷೇಧಿಸಿತು. 1912ರಲ್ಲಿ ಅಮೆರಿಕದ ಸಂಸತ್ತು ಬಾಕ್ಸಿಂಗ್ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೇ ಅಪರಾಧವೆಂದು ಕಾನೂನು ಮಾಡಿತು. ಲಂಡನ್‌ನಲ್ಲಿ 1911ರಲ್ಲಿ ಜಾನ್ಸನ್ ಮತ್ತು ಬಾಂಬಾರ್ಡಿಯರ್ ಬಿಲ್ಲಿ ವೆಲ್ಸ್ ನಡುವೆ ನಡೆಯಬೇಕಿದ್ದ ಪಂದ್ಯಕ್ಕೂ ತಡೆ ಬಿತ್ತು. ಅಂದಿನ ಬ್ರಿಟಿಷ್ ಗೃಹ ಸಚಿವರು ವಿನ್‌ಸ್ಟನ್ ಚರ್ಚಿಲ್. ಕಪ್ಪು ಮನುಷ್ಯ ಬಿಳಿಯನನ್ನು ಹೊಡೆಯುವ ದೃಶ್ಯ ವಸಾಹತುಗಳ ಪ್ರಜೆಗಳಿಗೆ ತಲುಪಬಾರದೆಂಬ ಆತಂಕ ಸಾಮ್ರಾಜ್ಯಕ್ಕಿತ್ತು. ಆ ಪ್ರಜೆಗಳಲ್ಲಿ ಭಾರತೀಯರೂ ಇದ್ದರಲ್ಲ!

ಕಾರು, ಕೆಫೆ, ಕೋರ್ಟು

ಹಲ್ಲೊಂದೇ ಅಲ್ಲ, ಜಾನ್ಸನ್ ಬದುಕಿನಲ್ಲಿ ಎಲ್ಲವೂ ಕಣ್ಣು ಕುಕ್ಕುವಂತಿತ್ತು. ನುಣ್ಣಗೆ ಬೋಳಿಸಿದ ತಲೆ, ಹೇಳಿ ಹೊಲಿಸಿದ ಸೂಟು, ವಜ್ರ, ವೇಗದ ಕಾರುಗಳು. ದೊಡ್ಡ ಪಿಟೀಲಿನಂಥ ಬೇಸ್ ವಾದ್ಯವನ್ನು ನುಡಿಸುತ್ತಿದ್ದರು, ಒಪೆರಾ ಕೇಳುತ್ತಿದ್ದರು, ನೆಪೋಲಿಯನ್ ಬಗ್ಗೆ ಓದುತ್ತಿದ್ದರು. 1910ರಲ್ಲಿ ರೇಸ್ ಕಾರು ಚಾಲಕ ಬಾರ್ನಿ ಓಲ್ಡ್‌ಫೀಲ್ಡ್ ಜೊತೆ ಪಂದ್ಯ ಕಟ್ಟಿ ಸೋತರು. 1912ರಲ್ಲಿ ಶಿಕಾಗೊದಲ್ಲಿ ಕೆಫೆ ಡಿ ಚಾಂಪಿಯನ್ ಎಂಬ ವೈಭವದ ಹೋಟೆಲ್ ತೆರೆದರು.

ಬಿಳಿಯರು ಕ್ಷಮಿಸಲಾರದ ಸಂಗತಿ ಇನ್ನೊಂದಿತ್ತು. ಅವರು ಬಿಳಿ ಮಹಿಳೆಯರನ್ನು ಮದುವೆಯಾದರು, ಅದೂ ಮುಚ್ಚುಮರೆಯಿಲ್ಲದೆ. ಹಾಗೆಂದು ಅವರನ್ನು ಬರೀ ವೀರನಾಗಿ ಚಿತ್ರಿಸಿದರೆ ತಪ್ಪಾಗುತ್ತದೆ. 1911ರಲ್ಲಿ ಮದುವೆಯಾದ ಎಟಾ ಡುರಿಯಾ ಅವರನ್ನು ಜಾನ್ಸನ್ ಹೊಡೆದದ್ದುಂಟು, ಅವರಿಗೆ ನಿಷ್ಠರಾಗಿಯೂ ಇರಲಿಲ್ಲ. ಎರಡೂ ಕಡೆಯವರಿಂದ ದೂರವಾಗಿ ಖಿನ್ನತೆಗೆ ಬಿದ್ದ ಎಟಾ 1912ರ ಸೆಪ್ಟೆಂಬರ್‌ನಲ್ಲಿ ಆ ಕೆಫೆಯ ಮೇಲಿನ ಮನೆಯಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಾನ್ಸನ್ ಲೂಸಿಲ್ ಕ್ಯಾಮರಾನ್ ಅವರನ್ನು ಮದುವೆಯಾದರು.

ಸರ್ಕಾರ ಹಿಡಿದದ್ದು ಮ್ಯಾನ್ ಕಾಯ್ದೆಯ ದಾರಿ. ಮಹಿಳೆಯರನ್ನು ವೇಶ್ಯಾವಾಟಿಕೆಗೆ ಮತ್ತು ಅನೈತಿಕ ಉದ್ದೇಶಕ್ಕೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಲು 1910ರಲ್ಲಿ ಬಂದ ಕಾನೂನದು. ಮೊದಲು ಲೂಸಿಲ್ ಹೆಸರಿನಲ್ಲಿ ಕೇಸು ಹಾಕಿದರು. ಆಕೆ ಸಾಕ್ಷಿ ಹೇಳಲು ಒಪ್ಪಲಿಲ್ಲ. ಆಮೇಲೆ ಜಾನ್ಸನ್ ಅವರ ಹಳೆಯ ಸಂಗಾತಿ ಬೆಲ್ ಶ್ರೈಬರ್ ಅವರನ್ನು ಹುಡುಕಿ ತಂದರು. 1913ರ ಮೇನಲ್ಲಿ, ಎಲ್ಲರೂ ಬಿಳಿಯರೇ ಇದ್ದ ಜ್ಯೂರಿ ತಪ್ಪಿತಸ್ಥರೆಂದು ತೀರ್ಮಾನಿಸಿತು. ಶಿಕ್ಷೆ ಒಂದು ವರ್ಷ ಒಂದು ದಿನದ ಜೈಲು, ಜೊತೆಗೆ ದಂಡ. ಕಪ್ಪು ಸಮುದಾಯದ ಹಿರಿಯ ನಾಯಕ ಬೂಕರ್ ಟಿ. ವಾಷಿಂಗ್ಟನ್ ಕೂಡ ಜಾನ್ಸನ್ ನಡವಳಿಕೆಯನ್ನು ಬಹಿರಂಗವಾಗಿಯೇ ಟೀಕಿಸಿದ್ದರು. ಒಬ್ಬರ ಮೆರೆದಾಟಕ್ಕೆ ಎಲ್ಲರೂ ಏಟು ತಿನ್ನಬೇಕಾಗುತ್ತದೆ ಎಂಬ ಅವರ ಭಯ ಆಧಾರವಿಲ್ಲದ್ದೇನಲ್ಲ.

ಮೇಲ್ಮನವಿಯ ನಡುವೆಯೇ ಜಾನ್ಸನ್ ಕೆನಡಾ ಮೂಲಕ ಫ್ರಾನ್ಸಿಗೆ ಹಾರಿದರು. ಏಳು ವರ್ಷಗಳ ದೇಶಾಂತರ. ಈ ನಡುವೆ ಮೊದಲ ಮಹಾಯುದ್ಧ ಶುರುವಾಯಿತು. ಕಪ್ಪು ಹೊಗೆಯುಗುಳಿ ಸಿಡಿಯುವ ಜರ್ಮನರ ದೊಡ್ಡ ಶೆಲ್‌ಗಳಿಗೆ ಬ್ರಿಟಿಷ್ ಸೈನಿಕರು ಜಾಕ್ ಜಾನ್ಸನ್ ಎಂದೇ ಹೆಸರಿಟ್ಟರು. 1914ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಭಾರತೀಯ ಸೈನಿಕರೂ ಇದ್ದರು.

1915ರ ಏಪ್ರಿಲ್ 5ರಂದು ಕ್ಯೂಬಾದ ಹವಾನಾದಲ್ಲಿ ಆರೂವರೆ ಅಡಿ ಎತ್ತರದ ಜೆಸ್ ವಿಲರ್ಡ್ ಎದುರು 26ನೇ ಸುತ್ತಿನಲ್ಲಿ ಜಾನ್ಸನ್ ಸೋತರು. ದುಡ್ಡಿಗಾಗಿ ಬೇಕೆಂದೇ ಬಿದ್ದೆ ಎಂದು ಆಮೇಲೆ ಹೇಳಿಕೊಂಡರು. 37 ವಯಸ್ಸಿನವರು ಬಿಸಿಲಿನಲ್ಲಿ 25 ಸುತ್ತು ಆಡಿದ ಮೇಲೆ ಬಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಸ್ಪೇನ್‌ನಲ್ಲಿ ಗೂಳಿ ಕಾಳಗಕ್ಕೆ ಇಳಿದರು, ಬಾರ್ಸಿಲೋನಾದಲ್ಲಿ ಆರ್ಥರ್ ಕ್ರಾವನ್ ಎಂಬ ಕವಿಯೊಡನೆ ಬಾಕ್ಸಿಂಗ್ ಆಡಿದರು, ಮೆಕ್ಸಿಕೊದಲ್ಲಿ ಕೆಲಕಾಲ ಇದ್ದರು. 1920ರ ಜುಲೈನಲ್ಲಿ ಗಡಿಗೆ ಬಂದು ಶರಣಾದರು. ಲೆವೆನ್‌ವರ್ತ್ ಜೈಲಿನಲ್ಲಿ ಶಿಕ್ಷೆ ಮುಗಿಸಿ 1921ರಲ್ಲಿ ಹೊರಬಂದರು. ಮರುವರ್ಷ ಅವರ ಹೆಸರಿಗೆ ಒಂದು ಪೇಟೆಂಟ್ ಸಿಕ್ಕಿತು, ಸುಧಾರಿತ ಸ್ಪ್ಯಾನರ್ ಒಂದಕ್ಕೆ. ಹಾರ್ಲೆಮ್‌ನಲ್ಲಿ ಅವರು ತೆರೆದಿದ್ದ ಕ್ಲಬ್ ಬೇರೆಯವರ ಕೈಗೆ ಹೋಗಿ, ಮುಂದೆ ಕಾಟನ್ ಕ್ಲಬ್ ಎಂದು ಜಗತ್ಪ್ರಸಿದ್ಧವಾಯಿತು.

ನಗಬಾರದೆಂಬ ನಿಯಮ

ಜಾನ್ಸನ್ ಸೋತ ಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಸ್ಪರ್ಧಿಸುವ ಅವಕಾಶ ಸಿಗಲಿಲ್ಲ. 1937ರಲ್ಲಿ ಪಟ್ಟಕ್ಕೇರಿದ ಜೋ ಲೂಯಿಸ್ ಅವರಿಗೆ ಮ್ಯಾನೇಜರ್‌ಗಳು ಮೊದಲೇ ಒಂದಷ್ಟು ಕಟ್ಟುಪಾಡು ಹಾಕಿದ್ದರು. ಬಿಳಿ ಮಹಿಳೆಯರ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಬಿದ್ದ ಎದುರಾಳಿಯ ಮುಂದೆ ಮೆರೆಯಬಾರದು. ಕ್ಯಾಮೆರಾ ಎದುರು ಮುಖದಲ್ಲಿ ಯಾವ ಭಾವವೂ ಕಾಣಬಾರದು. ಒಟ್ಟಿನಲ್ಲಿ ಜಾನ್ಸನ್ ಮಾಡಿದ ಯಾವುದನ್ನೂ ಮಾಡಬಾರದು. ಒಬ್ಬರು ಚಿನ್ನ ಹಾಕಿಸಿ ನಕ್ಕದ್ದಕ್ಕೆ ಮುಂದಿನವರು ನಗುವನ್ನೇ ನುಂಗಿಕೊಳ್ಳಬೇಕಾಯಿತು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಲೂಯಿಸ್ ಅವರನ್ನು ಸೋಲಿಸುತ್ತಾರೆಂದು ಜಾನ್ಸನ್ ಮೊದಲೇ ಹೇಳಿದ್ದರು. ಹಾಗೇ ಆದಾಗ ಹಾರ್ಲೆಮ್‌ನ ಜನ ಅವರನ್ನು ಕ್ಷಮಿಸಲಿಲ್ಲ. ಅಸೂಯೆಯೂ ಅವರಲ್ಲಿತ್ತು.

ಅದೇ ಹೊತ್ತಿಗೆ ನಗುವಿನ ಫ್ಯಾಷನ್ ಬದಲಾಗುತ್ತಿತ್ತು. ಹಾಲಿವುಡ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್ 1920ರ ದಶಕದ ಕೊನೆಯಲ್ಲಿ ನಟನಟಿಯರ ಹಲ್ಲಿನ ಮೇಲೆ ತಾತ್ಕಾಲಿಕವಾಗಿ ಅಂಟಿಸುವ ಬಿಳಿ ಪದರಗಳನ್ನು ತಂದರು. ಇಂದು ವೆನೀರ್ ಎನ್ನುವುದು ಅದರ ಸಂತತಿ. ಎಲ್ಲರಿಗೂ ಒಂದೇ ಸಾಲು, ಒಂದೇ ಬಿಳುಪು. ಚಿನ್ನ ಹಳೆಯ ಕಾಲದ್ದಾಯಿತು. ಆದರೂ ಅದು ಪೂರ್ತಿ ಅಳಿಯಲಿಲ್ಲ. ಜಾಜ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಮುಂದಿನ ಹಲ್ಲಿಗೆ ವಜ್ರವನ್ನೇ ಕೂರಿಸಿಕೊಂಡಿದ್ದರು. 1980ರ ದಶಕದಲ್ಲಿ ನ್ಯೂಯಾರ್ಕ್‌ನ ರ‍್ಯಾಪ್ ಗಾಯಕರು ಕಳಚಿ ಹಾಕಬಲ್ಲ ಚಿನ್ನದ ಹಲ್ಲಿನ ತೊಡವುಗಳನ್ನು ಮತ್ತೆ ಬಳಕೆಗೆ ತಂದರು. ಗ್ರಿಲ್ಸ್ ಎಂಬ ಹೆಸರಿನಲ್ಲಿ ಅದು ಈಗ ಭಾರತದ ರ‍್ಯಾಪರ್‌ಗಳ ಬಾಯಲ್ಲೂ ಕಾಣುತ್ತದೆ.

ಕೊನೆಯ ವರ್ಷಗಳಲ್ಲಿ ಜಾನ್ಸನ್ ತಲೆಗೆ ಬೆರೆಟ್ ಟೋಪಿ ಹಾಕಿಕೊಂಡು, ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ಬಳಿಯ ಹ್ಯೂಬರ್ಟ್ಸ್ ಮ್ಯೂಸಿಯಂ ಎಂಬ ತಮಾಷೆ ಪ್ರದರ್ಶನದಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ಚಿಗಟಗಳ ಸರ್ಕಸ್. ಕಾಸು ಕೊಟ್ಟು ಬಂದವರಿಗೆ ಹಳೆಯ ಪಂದ್ಯಗಳ ಕಥೆ ಹೇಳುವುದು ಕೆಲಸ. 1946ರ ಜೂನ್ 10ರಂದು ನಾರ್ತ್ ಕ್ಯಾರೊಲಿನಾದ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಅವರನ್ನು ಬಿಳಿಯರ ಜೊತೆ ಕೂರಿಸಿ ಬಡಿಸಲು ಒಪ್ಪಲಿಲ್ಲ. ಸಿಟ್ಟಿನಿಂದ ಕಾರು ಓಡಿಸಿಕೊಂಡು ಹೊರಟವರು ಫ್ರ್ಯಾಂಕ್ಲಿನ್‌ಟನ್ ಬಳಿ ಕಂಬಕ್ಕೆ ಗುದ್ದಿ ಅಸುನೀಗಿದರು. ವಯಸ್ಸು 68. ಶಿಕಾಗೊದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಎಟಾ ಸಮಾಧಿಯ ಪಕ್ಕದಲ್ಲೇ ಅವರನ್ನು ಹೂಳಲಾಯಿತು.

ಅವರ ಬದುಕನ್ನಾಧರಿಸಿದ ನಾಟಕವೊಂದು 1968ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಕ್ಕೆ ಬಂದಾಗ, ಪಟ್ಟ ಕಿತ್ತುಕೊಂಡು ಮೂಲೆಗೆ ತಳ್ಳಲ್ಪಟ್ಟಿದ್ದ ಮುಹಮ್ಮದ್ ಅಲಿ ಅದನ್ನು ನೋಡಿ ತಮ್ಮದೇ ಕಥೆ ಎಂದುಕೊಂಡರು. ಮ್ಯಾನ್ ಕಾಯ್ದೆಯ ಶಿಕ್ಷೆಗೆ ಕ್ಷಮಾದಾನ ಸಿಕ್ಕಿದ್ದು 2018ರ ಮೇ 24ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿಯಿಂದ. ತೀರ್ಪು ಬಂದು ಆಗ 105 ವರ್ಷವಾಗಿತ್ತು. ಅಮೆರಿಕದ ಊರೂರು ನಿಷೇಧಿಸಿದ್ದ ರೀನೋ ಪಂದ್ಯದ ಸಿನಿಮಾವನ್ನು 2005ರಲ್ಲಿ ಅದೇ ದೇಶದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಸೇರಿಸಿದ್ದಾರೆ. ಈಗ ಅದನ್ನು ಮೊಬೈಲ್‌ನಲ್ಲೇ ನೋಡಬಹುದು. ಶಬ್ದವಿಲ್ಲದ ಕಪ್ಪುಬಿಳುಪು ಚಿತ್ರ. ಜಾನ್ಸನ್ ನಗುತ್ತಾರೆ, ಹಲ್ಲು ಕಾಣುತ್ತದೆ, ಬಣ್ಣ ಮಾತ್ರ ಕಾಣುವುದಿಲ್ಲ.